ಮೆಚ್ಚಿದವರು ಹೋದಾಗ ಮಾಡಿದ ಸಂಕಲ್ಪ ಉಳಿಯಬೇಕಾದರೆ: ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು ಅನ್ನುವ ಸುದ್ದಿ ಹಿಂದೆಯೇ ಬಂತು. ಆಗ ಮುಂಬೈಯಲ್ಲಿ ಸಂಘದ ಸಭೆಗಳಲ್ಲಿ, ಲೋಕಲ್ ಟ್ರೇನಿನಲ್ಲಿ, ಹೋಟೆಲಿನ ಗಲ್ಲಾದ ಹತ್ತಿರ ಜನ ಒಂದೇ ಮಾತು ಹೇಳುತ್ತಿದ್ದರು: ‘ನಾವೂ ಏನಾದ್ರೂ ಬಿಟ್ಟು ಹೋಗಬೇಕು ರೀ.’ 2024ರ ಅಕ್ಟೋಬರ್ 9ರ ರಾತ್ರಿ ರತನ್ ಟಾಟಾ ಹೋದರು. ಮರುದಿನ ನಾರಿಮನ್ ಪಾಯಿಂಟ್‌ನಲ್ಲಿ ಅಂತಿಮ ದರ್ಶನಕ್ಕೆ ನಿಂತವರ ಬಾಯಲ್ಲೂ ಅದೇ ಮಾತು. 2025ರ ನವೆಂಬರ್‌ನಲ್ಲಿ ಸಾಲುಮರದ ತಿಮ್ಮಕ್ಕ ಹೋದಾಗ ಮತ್ತೆ ಅದೇ.

ಈ ಆಸೆ ದೊಡ್ಡದು. ಆದರೆ ಅದರ ಆಯಸ್ಸು ಸಣ್ಣದು. ಹದಿಮೂರು ದಿನ ಕಳೆಯುವ ಹೊತ್ತಿಗೆ ಸ್ಟೇಟಸ್‌ನಲ್ಲಿ ಹಾಕಿದ ಫೋಟೋ ಬದಲಾಗಿರುತ್ತದೆ. ಮಕ್ಕಳ ಪರೀಕ್ಷೆ, ಮನೆ ಸಾಲದ ಕಂತು, ಬೆಳಗಿನ ಲೋಕಲ್ ಎಲ್ಲ ಮೊದಲಿನಂತೆ ಶುರುವಾಗುತ್ತದೆ. ಹಾಗಾಗಿ ಮನಸ್ಸು ಬಿಸಿ ಇರುವಾಗಲೇ ಒಂದು ಕೆಲಸಕ್ಕೆ ಸಹಿ ಹಾಕಿ, ಮನೆಯವರಿಗೆ ಹೇಳಿ, ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ಆ ಕೆಲಸ ಹೇಗೆ ಅನ್ನುವುದಕ್ಕೇ ಈ ಲೇಖನ. ಮುಂಬೈ, ಠಾಣೆ, ಡೊಂಬಿವಲಿ ಕಡೆಯ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಪುಣೆಯವರಿಗೂ ಬಹುಪಾಲು ಇದೇ ದಾರಿ.

ಹೆಜ್ಜೆ 1: ನಿಮ್ಮನ್ನು ತಟ್ಟಿದ್ದು ಯಾವುದು ಅಂತ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಹೋದವರ ಹೆಸರು ಬರೆಯಿರಿ. ಕೆಳಗೆ ಅವರು ಮಾಡಿದ ಒಂದೇ ಒಂದು ಕೆಲಸ ಬರೆಯಿರಿ. ‘ಒಳ್ಳೆಯ ಮನುಷ್ಯ’ ಅಂತ ಬರೆದರೆ ಸಾಲದು. ಕೆಲಸ ಬೇಕು.

ಆಮೇಲೆ ಆ ಕೆಲಸ ಹೇಗೆ ಸಾಧ್ಯವಾಯಿತು ಅಂತ ಹಿಂದಕ್ಕೆ ಹೋಗಿ ನೋಡಿ. ಅಪ್ಪು ಅವರದ್ದನ್ನೇ ತೆಗೆದುಕೊಳ್ಳೋಣ. ಆ ಶುಕ್ರವಾರ ಯಾರೂ ಏನನ್ನೂ ಊಹಿಸಿರಲಿಲ್ಲ. ಅಂಥ ಗೊಂದಲದಲ್ಲೂ ಕಣ್ಣು ಹೊತ್ತಿಗೆ ಸರಿಯಾಗಿ ಐ ಬ್ಯಾಂಕ್ ತಲುಪಿತು. ಯಾಕೆ? ಆ ಮನೆಯಲ್ಲಿ ಅದು ಮೊದಲೇ ಇತ್ಯರ್ಥವಾಗಿದ್ದ ವಿಷಯ. 1994ರಲ್ಲಿ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಐ ಬ್ಯಾಂಕ್ ಶುರುವಾದಾಗಲೇ ಡಾ. ರಾಜ್‌ಕುಮಾರ್ ನೇತ್ರದಾನದ ಮಾತು ಕೊಟ್ಟಿದ್ದರು. 2006ರಲ್ಲಿ ಅವರು ಹೋದಾಗ ಕಣ್ಣು ಕೊಟ್ಟರು. 2017ರಲ್ಲಿ ಪಾರ್ವತಮ್ಮ ಹೋದಾಗಲೂ ಕೊಟ್ಟರು. ಮಗನ ಸರದಿ ಅಷ್ಟು ಬೇಗ ಬರಬಾರದಿತ್ತು, ಬಂತು. ಮನೆಯವರು ಆಗ ಹೊಸದಾಗಿ ಏನನ್ನೂ ತೀರ್ಮಾನಿಸಬೇಕಾಗಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ್ದೇ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ, 1953ರಲ್ಲಿ, ಅವರ ಶಿಷ್ಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುಗಳ ಹೆಸರಿನಲ್ಲಿ ಸಂಗೀತೋತ್ಸವ ಶುರುಮಾಡಿದರು. 2011ರಲ್ಲಿ ಭೀಮಸೇನರೂ ಹೋದರು. ಉತ್ಸವ ನಿಲ್ಲಲಿಲ್ಲ, ಈಗ ಗುರುವಿನ ಜೊತೆ ಶಿಷ್ಯನ ಹೆಸರೂ ಅದಕ್ಕಿದೆ. ಗದಗಿನ ಕಡೆಯ ಹುಡುಗ ಪುಣೆಗೆ ಬಂದು ನಿಂತು, ಧಾರವಾಡ ಸೀಮೆಯ ಗುರುವನ್ನು ಮರಾಠಿ ಊರಿನ ನೆನಪಾಗಿ ಮಾಡಿದ್ದು ಸಣ್ಣ ಮಾತಲ್ಲ. ಗಮನಿಸಬೇಕಾದ್ದು ಏನೆಂದರೆ, ಅದನ್ನು ನಡೆಸಲು ಆರ್ಯ ಸಂಗೀತ ಪ್ರಸಾರಕ ಮಂಡಳ ಅನ್ನುವ ಸಂಸ್ಥೆ ಇತ್ತು. ಒಬ್ಬರ ಹೆಗಲ ಮೇಲೆ ನಿಂತಿರಲಿಲ್ಲ.

ನಿಮ್ಮ ಹಾಳೆಯಲ್ಲೂ ಇದೇ ಎರಡು ಪ್ರಶ್ನೆ ಬರೆಯಿರಿ. ಇದನ್ನು ಮೊದಲೇ ಯಾರಿಗೆ ಹೇಳಿಡಬೇಕು? ನಾನಿಲ್ಲದಾಗ ಯಾರು ನಡೆಸುತ್ತಾರೆ?

ಹೆಜ್ಜೆ 2: ಒಂದನ್ನೇ ಆರಿಸಿ

ನಮ್ಮ ಕೈಯಲ್ಲಿ ಕೊಡುವಂಥದ್ದು ಸಾಮಾನ್ಯವಾಗಿ ನಾಲ್ಕೈದು ಬಗೆ. ದೇಹ, ಹಣ, ವಸ್ತು, ಗೊತ್ತಿರುವ ವಿದ್ಯೆ, ಸಮಯ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಈ ತಿಂಗಳು ಒಂದು. ಅದು ಮುಗಿದ ಮೇಲೆ ಇನ್ನೊಂದು.

ಯಾವುದರಿಂದ ಶುರು ಮಾಡಬೇಕು ಅಂತ ಕೇಳಿದರೆ ಕಣ್ಣಿನಿಂದ ಅನ್ನುತ್ತೇನೆ. ಖರ್ಚಿಲ್ಲ. ಬಡವ ಬಲ್ಲಿದ ಅನ್ನುವ ಭೇದವಿಲ್ಲ. ವಯಸ್ಸಾಯಿತು ಅನ್ನುವ ಅಡ್ಡಿ ಇಲ್ಲ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೆಜ್ಜೆ 3: ಕಣ್ಣು

ನೇತ್ರದಾನದಲ್ಲಿ ಕಸಿಗೆ ಬಳಸುವುದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಪೊರೆ. ಸಾಮಾನ್ಯವಾಗಿ ಇಬ್ಬರಿಗೆ ಅನುಕೂಲವಾಗುತ್ತದೆ. ಪುನೀತ್ ಅವರ ಕಾರ್ನಿಯಾಗಳ ಮುಂದಿನ ಪದರ, ಹಿಂದಿನ ಪದರ ಬೇರೆ ಮಾಡಿ ಬೇರೆ ಬೇರೆ ತೊಂದರೆ ಇದ್ದವರಿಗೆ ಹಾಕಿದ್ದರಿಂದ ನಾಲ್ವರಿಗೆ ಆಯಿತು.

ಕನ್ನಡಕ ಇದ್ದರೂ ಕೊಡಬಹುದು. ಮೋತಿಬಿಂದು (ಕ್ಯಾಟರಾಕ್ಟ್) ಆಪರೇಷನ್ ಆಗಿದ್ದರೂ ಕೊಡಬಹುದು. ಸಕ್ಕರೆ ಕಾಯಿಲೆ, ಬಿಪಿ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತದ ಕ್ಯಾನ್ಸರ್, ಮೈಯೆಲ್ಲ ಹರಡಿದ ಸೋಂಕು, ಇಂಥವು ಇದ್ದರೆ ತೆಗೆದುಕೊಳ್ಳುವುದಿಲ್ಲ. ಅನುಮಾನವಿದ್ದರೂ ಫೋನ್ ಮಾಡಿ. ಬೇಡ ಅನ್ನುವ ತೀರ್ಮಾನ ಅವರದ್ದಾಗಲಿ, ನಮ್ಮದಲ್ಲ.

ಮೊದಲೇ ಹೆಸರು ಬರೆಸಿರಲೇಬೇಕು ಅಂತೇನಿಲ್ಲ. ಹೋದವರು ಬರೆಸದಿದ್ದರೂ ಹತ್ತಿರದ ಸಂಬಂಧಿಕರು ಒಪ್ಪಿದರೆ ಸಾಕು. ಹೋದವರು ಹತ್ತು ಕಡೆ ಬರೆಸಿದ್ದರೂ ಮನೆಯವರು ಫೋನ್ ಮಾಡದಿದ್ದರೆ ಏನೂ ಆಗುವುದಿಲ್ಲ. ಹಾಗಾಗಿ ಪರ್ಸಿನಲ್ಲಿರುವ ಕಾರ್ಡ್‌ಗಿಂತ ಮನೆಯವರ ಕಿವಿ ಮುಖ್ಯ.

ಇವತ್ತೇ ಮಾಡಬಹುದಾದ ಕೆಲಸ ಇದು. ನಿಮ್ಮ ಮನೆಗೆ ಹತ್ತಿರದ ಐ ಬ್ಯಾಂಕ್ ಯಾವುದು ಅಂತ ಹುಡುಕಿ. ಮುಂಬೈ, ಠಾಣೆಯ ದೊಡ್ಡ ಆಸ್ಪತ್ರೆಗಳಲ್ಲಿ, ಟ್ರಸ್ಟುಗಳಲ್ಲಿ ಐ ಬ್ಯಾಂಕ್‌ಗಳಿವೆ. ಹಗಲು ಹೊತ್ತಿನಲ್ಲಿ ಒಮ್ಮೆ ಫೋನ್ ಮಾಡಿ ಕೇಳಿ: ರಾತ್ರಿ ಎರಡು ಗಂಟೆಗೆ ಕರೆದರೆ ಬರುತ್ತೀರಾ? ನಮ್ಮ ಏರಿಯಾಕ್ಕೆ ಬರುತ್ತೀರಾ? ಹೌದು ಅಂದವರ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಪಕ್ಕದ ಮನೆಯವರಿಗೂ ಓದಲು ಬರುವಂತೆ ಕನ್ನಡದ ಜೊತೆ ಮರಾಠಿಯಲ್ಲೂ ಬರೆಯಿರಿ. ಕರೆ ಮಾಡುವವರು ಹೆಚ್ಚಾಗಿ ಪಕ್ಕದ ಮನೆಯವರೇ ಆಗಿರುತ್ತಾರೆ.

ಆ ಹೊತ್ತು ಬಂದಾಗ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮುಂಬೈಯ ಟ್ರಾಫಿಕ್, ಮಳೆಗಾಲದ ನೀರು ನೆನಪಿಟ್ಟುಕೊಳ್ಳಿ. ಅಳು ನಿಲ್ಲಲಿ, ಆಮೇಲೆ ಮಾಡೋಣ ಅಂತ ಕೂತರೆ ಹೊತ್ತು ಮೀರುತ್ತದೆ. ಒಬ್ಬರು ಫೋನ್ ಹಿಡಿಯಲಿ. ಇನ್ನೊಬ್ಬರು ಇಷ್ಟು ಮಾಡಲಿ:

ಕಣ್ಣುರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ. ಒದ್ದೆ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲಿಡಿ. ಫ್ಯಾನ್ ಆರಿಸಿ, ಎಸಿ ಇದ್ದರೆ ಹಾಕಿ. ಫ್ಯಾನಿನ ಗಾಳಿಗೆ ಕಾರ್ನಿಯಾ ಒಣಗುತ್ತದೆ. ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರ ಮಾಡಿ. ಮನೆಯಲ್ಲಿ ಹೋದವರಾದರೆ ಫ್ಯಾಮಿಲಿ ಡಾಕ್ಟರನ್ನು ಕರೆಸಿ ಮರಣದ ಸರ್ಟಿಫಿಕೇಟ್ ಪಡೆಯಿರಿ. ಸ್ಮಶಾನಕ್ಕೂ ಬೇಕಾಗುವ 4ಎ ಫಾರಂ ಅದೇ. ಒಪ್ಪಿಗೆ ಪತ್ರಕ್ಕೆ ಹತ್ತಿರದ ಸಂಬಂಧಿಕರ ಸಹಿ, ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಒಬ್ಬ ಹುಡುಗನನ್ನು ಸೊಸೈಟಿ ಗೇಟಿನ ಹತ್ತಿರ ನಿಲ್ಲಿಸಿ. ಯಾವ ವಿಂಗ್, ಎಷ್ಟನೇ ಮಹಡಿ ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುವುದು ಬೇಡ.

ತಂಡ ಬಂದರೆ ಕೆಲಸ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ. ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಮುಖ ವಿಕಾರವಾಗುವುದಿಲ್ಲ. ಊರಿನಿಂದ ಮತ್ಸ್ಯಗಂಧದಲ್ಲೋ ಬಸ್ಸಿನಲ್ಲೋ ಬರುವ ನೆಂಟರಿಗಾಗಿ ದೇಹ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ಕಣ್ಣಿನ ಕೆಲಸ ಅವರಿಗಾಗಿ ಕಾಯಬೇಕಿಲ್ಲ, ಅವರು ನೋಡುವ ಮುಖವೂ ಅದೇ ಆಗಿರುತ್ತದೆ.

ಹಿರಿಯರಿಗೆ ಒಂದು ಭಯ ಇರುತ್ತದೆ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತೇವೆ ಅಂತ. ಅವರ ಜೊತೆ ವಾದ ಮಾಡಬೇಡಿ. ‘ಅಣ್ಣಾವ್ರೇ ಕೊಟ್ರಲ್ಲ’ ಅಂತ ಒಂದು ಮಾತು ಹೇಳಿ. ಮೆಚ್ಚಿದವರು ಮಾಡಿ ತೋರಿಸಿದ್ದಕ್ಕೆ ಇರುವ ಬಲ ನಮ್ಮ ಯಾವ ಭಾಷಣಕ್ಕೂ ಇಲ್ಲ. ಅವರು ಒಪ್ಪದಿದ್ದರೆ ಬಿಟ್ಟುಬಿಡಿ, ಅದು ಅವರ ಹಕ್ಕು. ನಿಮ್ಮದನ್ನು ಮಾತ್ರ ಗಟ್ಟಿಯಾಗಿ ಹೇಳಿಡಿ.

ಹೆಜ್ಜೆ 4: ಅಂಗಾಂಗ ಮತ್ತು ದೇಹ

ಇವೆರಡೂ ಬೇರೆ ಬೇರೆ. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅಂಗಾಂಗ ದಾನ ಮಾಡಿದರು. ಆಗ ಅವರಿಗೆ 37. ಹೃದಯ, ಲಿವರ್‌ನಂಥ ಅಂಗಗಳನ್ನು ಕೊಡುವ ಪ್ರಸಂಗ ಹೆಚ್ಚಾಗಿ ಬರುವುದು ಮಿದುಳು ನಿಷ್ಕ್ರಿಯವಾಗಿ, ಆಸ್ಪತ್ರೆಯ ಐಸಿಯುನಲ್ಲಿ ಇದ್ದಾಗ. ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಖಚಿತಪಡಿಸುತ್ತದೆ. ಅಂಗಾಂಗ ಕಸಿಯ 1994ರ ಕಾಯ್ದೆ ಮತ್ತು ಅದರ ನಿಯಮಗಳಲ್ಲೇ ಈ ವಿಧಾನ ಇದೆ. ಮುಂಬೈ ಮತ್ತು ಪುಣೆಯಲ್ಲಿ ಯಾವ ಅಂಗ ಯಾರಿಗೆ ಅನ್ನುವುದನ್ನು ಝಡ್‌ಟಿಸಿಸಿ ಅನ್ನುವ ಕೇಂದ್ರಗಳು ನೋಡಿಕೊಳ್ಳುತ್ತವೆ. ಆಸ್ಪತ್ರೆಗೂ ಮನೆಯವರಿಗೂ ಅದರಲ್ಲಿ ಆಯ್ಕೆ ಇಲ್ಲ. ಹೆಸರು ಬರೆಸಲು ರಾಷ್ಟ್ರೀಯ ಸಂಸ್ಥೆ ನೋಟೋದ ವೆಬ್‌ಸೈಟ್‌ನಲ್ಲಿ ಆಧಾರ್ ಮೂಲಕ ನೋಂದಾಯಿಸಬಹುದು. ಸಹಾಯವಾಣಿ 1800 11 4770.

ದೇಹದಾನಕ್ಕೆ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗಿ ಫಾರಂ ತುಂಬಬೇಕು. ಪರೇಲಿನ ಕೆಇಎಂ, ಸಯನ್, ಬೈಕುಲಾದ ಜೆಜೆ, ಪುಣೆಯ ಸಸೂನ್, ಈ ಆಸ್ಪತ್ರೆಗಳ ಜೊತೆ ಇರುವ ಕಾಲೇಜುಗಳಲ್ಲಿ ಕೇಳಿ. ಪೋಸ್ಟ್‌ಮಾರ್ಟಂ ಆದ ದೇಹ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಕಣ್ಣು ಕೊಟ್ಟ ಮೇಲೂ ದೇಹ ಕೊಡಬಹುದು. ಆದರೆ ಅಂತ್ಯಸಂಸ್ಕಾರ ಇಲ್ಲದಿರುವುದು ಮನೆಯವರಿಗೆ ತುಂಬಾ ಕಷ್ಟದ ವಿಷಯ. ಇಲ್ಲಿ ಮಾತ್ರ ಹೆಂಡತಿ, ಗಂಡ, ಮಕ್ಕಳು ಮನಸಾರೆ ಒಪ್ಪಿದ ಮೇಲೇ ಮುಂದುವರಿಯಿರಿ.

ಹೆಜ್ಜೆ 5: ಹಣ

ನಮ್ಮವರಿಗೆ ಮೊದಲು ಹೊಳೆಯುವುದು ದತ್ತಿನಿಧಿ. ಸಂಘಕ್ಕೆ ಒಂದು ಮೊತ್ತ ಕೊಟ್ಟು, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ಅಥವಾ ಬಹುಮಾನ. ಮುಂಬೈ ಕನ್ನಡಕ್ಕೆ ಇದು ಹೊಸದಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರ ಒಂದು ತಲೆಮಾರೇ ಈ ಊರಿನಲ್ಲಿ ಬೆಳೆಯಿತು. ಆ ರಾತ್ರಿಶಾಲೆಗಳಿಗೆ ಕೊಟ್ಟವರ ಹೆಸರು ಇವತ್ತು ಎಷ್ಟೋ ಜನರಿಗೆ ಗೊತ್ತಿಲ್ಲ. ಓದಿದವರು ಮಾತ್ರ ಮುಂದೆ ಬಂದರು. ನನ್ನ ಮಟ್ಟಿಗೆ ಅದೇ ದೊಡ್ಡ ದಾನ.

ಲೆಕ್ಕ ಸರಿಯಾಗಿ ಹಾಕಿ. ಒಂದು ಲಕ್ಷಕ್ಕೆ ಶೇ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 7,000 ರೂಪಾಯಿ. ಅದರಲ್ಲಿ ಹಾಲ್, ಮೈಕು, ಭಾಷಣಕಾರರ ಪ್ರಯಾಣ, ಚಹಾ ಎಲ್ಲ ಆಗಬೇಕು. ಆಗುವುದಿಲ್ಲ. ಹತ್ತು ವರ್ಷದಲ್ಲಿ ಬೆಲೆ ಏರಿ, ದತ್ತಿ ಉಪನ್ಯಾಸ ಇನ್ನೊಂದು ಕಾರ್ಯಕ್ರಮದ ನಡುವೆ ಐದು ನಿಮಿಷದ ಹೆಸರು ಓದುವಿಕೆ ಆಗಿಬಿಡುತ್ತದೆ. ಅದರ ಬದಲು ಒಂದು ಮಗುವಿನ ಶಾಲೆಯ ಪುಸ್ತಕ, ಸಮವಸ್ತ್ರ ಅಂತ ಗೊತ್ತುಮಾಡಿ. 5,000 ಖರ್ಚು, ಉಳಿದ 2,000 ಮತ್ತೆ ಮೂಲ ನಿಧಿಗೆ. ಹೀಗೆ ಮಾಡಿದರೆ ನಿಧಿ ತಾನೇ ಬೆಳೆಯುತ್ತದೆ.

ಕೊಡುವ ಮೊದಲು ಸಂಘಕ್ಕೆ ಕೇಳಬೇಕಾದ್ದು: ಪಬ್ಲಿಕ್ ಟ್ರಸ್ಟ್ ಆಗಿ ನೋಂದಣಿ ಆಗಿದೆಯೇ, ನಂಬರ್ ಏನು? ಮುಂಬೈಯಲ್ಲಾದರೆ ವರ್ಲಿಯ ಚಾರಿಟಿ ಕಮಿಷನರ್ ಕಚೇರಿಯ ದಾಖಲೆಯಲ್ಲಿ ಅದು ಇರಬೇಕು. ಕಳೆದ ಮೂರು ವರ್ಷದ ಆಡಿಟ್ ಆದ ಲೆಕ್ಕ ತೋರಿಸುತ್ತಾರೆಯೇ? ಕಮಿಟಿಯಲ್ಲಿ ಐವತ್ತರ ಒಳಗಿನವರು ಎಷ್ಟು ಜನ? ಕೊನೆಯ ಪ್ರಶ್ನೆ ಕೇಳಲು ಮುಜುಗರ ಆಗಬಹುದು. ಆದರೂ ಕೇಳಿ. ಕಮಿಟಿಯ ಎಲ್ಲರಿಗೂ ಎಪ್ಪತ್ತು ದಾಟಿದ್ದರೆ ನಿಮ್ಮ ನಿಧಿ ಇನ್ನೊಂದು ಇಪ್ಪತ್ತು ವರ್ಷ ಯಾರ ಕೈಯಲ್ಲಿರುತ್ತದೆ ಹೇಳಿ?

ಚೆಕ್ ಜೊತೆ ಒಂದು ಪತ್ರ ಕೊಡಿ. ಈ ಹಣ ಮೂಲ ನಿಧಿಗೆ, ಅಂದರೆ ಕಾರ್ಪಸ್‌ಗೆ ಅಂತ ಸ್ಪಷ್ಟವಾಗಿ ಬರೆಯಿರಿ. ಬಡ್ಡಿಯನ್ನು ಯಾವುದಕ್ಕೆ ಬಳಸಬೇಕು, ಒಂದು ವರ್ಷ ಫಲಾನುಭವಿ ಸಿಗದಿದ್ದರೆ ಏನು, ಸಂಘ ಮುಚ್ಚಿದರೆ ನಿಧಿ ಯಾವ ಸಂಸ್ಥೆಗೆ ಹೋಗಬೇಕು, ಈ ಮೂರು ಸಾಲು ಇರಲಿ. ಪತ್ರ ತಲುಪಿದ್ದಕ್ಕೆ ಸಹಿ, ಸೀಲು ಹಾಕಿಸಿಕೊಳ್ಳಿ. ತೆರಿಗೆ ವಿನಾಯಿತಿ ಬೇಕಿದ್ದರೆ ಸಂಘಕ್ಕೆ 80ಜಿ ಅಂತ ಜನ ಕರೆಯುವ, ದಾನಿಗಳಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ಇದೆಯಾ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದರ ಉಪಯೋಗ. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ.

ಹೆಜ್ಜೆ 6: ಪುಸ್ತಕ, ಕ್ಯಾಸೆಟ್, ಹಸ್ತಪ್ರತಿ

ಮುಂಬೈಯಲ್ಲಿ ಕನ್ನಡದ ಹಿರಿಯರೊಬ್ಬರು ಹೋದರೆ ತಿಂಗಳೊಳಗೆ ರದ್ದಿವಾಲಾ ಬರುತ್ತಾನೆ. ಮಕ್ಕಳ ತಪ್ಪಲ್ಲ. ಅವರು ಓದಿದ್ದು ಇಂಗ್ಲಿಷ್, ಮರಾಠಿ. ಎರಡು ರೂಮಿನ ಮನೆಯಲ್ಲಿ ಓದಲು ಬಾರದ ಆರು ಕಪಾಟು ಪುಸ್ತಕ ಎಲ್ಲಿಡುವುದು? ತಕ್ಕಡಿಯಲ್ಲಿ ಹಳೆಯ ಪೇಪರಿನ ಜೊತೆ ಕಾದಂಬರಿ, ಕವನ, ಯಕ್ಷಗಾನ ಪ್ರಸಂಗ ಎಲ್ಲ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಇದನ್ನು ನೋಡಿದಾಗ ನನಗೆ ತಡೆಯಲಾಗದಷ್ಟು ಸಂಕಟ ಆಗುತ್ತದೆ. ಹೀಗೆ ರದ್ದಿಗೆ ಹೋಗುವುದನ್ನು ತಡೆಯುವುದು ಕಷ್ಟವೇನಲ್ಲ, ಆ ಪುಸ್ತಕ ಕೂಡಿಸಿದವರು ಬದುಕಿರುವಾಗಲೇ ಮಾಡಬೇಕು ಅಷ್ಟೆ.

ಭಾನುವಾರ ಒಂದು ಕಪಾಟು ತೆಗೆಯಿರಿ. ಎಲ್ಲೆಡೆ ಸಿಗುವ ಪುಸ್ತಕ ಒಂದು ಕಡೆ ಇಡಿ. ಇನ್ನೊಂದು ಕಡೆ, ಬೇರೆಲ್ಲೂ ಸಿಗದವು. ಈ ಎರಡನೆಯ ರಾಶಿಯೇ ಮುಖ್ಯ. ಅದರಲ್ಲಿ ಏನೇನು ಬರುತ್ತದೆ ಗೊತ್ತಾ? ಸಂಘಗಳ ಸ್ಮರಣ ಸಂಚಿಕೆಗಳು. ಮುಂಬೈಯಲ್ಲೇ ಅಚ್ಚಾದ ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆ. ನಾಟಕದ ಕರಪತ್ರ. ಲೇಖಕರು ಸಹಿ ಹಾಕಿ ಕೊಟ್ಟ ಪ್ರತಿ. ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ ಇರುವ ಪ್ರತಿ. ಕೈಬರಹದ ಪ್ರಸಂಗ. ಊರಿಂದ ಬಂದ ಪತ್ರಗಳು. ಸ್ಮರಣ ಸಂಚಿಕೆಯ ಹಿಂದಿನ ಪುಟಗಳಲ್ಲಿರುವ ಹೋಟೆಲಿನ ಜಾಹೀರಾತುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವ ಗಲ್ಲಿಯಲ್ಲಿ ಯಾರ ಹೋಟೆಲ್ ಇತ್ತು, ಫೋನ್ ನಂಬರ್ ಎಷ್ಟು ಅಂಕಿಯದಾಗಿತ್ತು ಅಂತ ನಾಳೆ ಮುಂಬೈ ಕನ್ನಡಿಗರ ಕಥೆ ಬರೆಯುವವರಿಗೆ ಅದೇ ಸಾಕ್ಷಿ.

ಪ್ರತಿಯೊಂದರ ಮುಖಪುಟ, ಒಳಪುಟದ ಫೋಟೋ ತೆಗೆಯಿರಿ. ಹೆಸರು, ವರ್ಷ, ಪ್ರಕಾಶಕರು ಅಂತ ಪಟ್ಟಿ ಮಾಡಿ. ಈ ಪಟ್ಟಿ ಇಲ್ಲದೆ ಯಾವ ಗ್ರಂಥಾಲಯಕ್ಕೂ ಹೋಗಬೇಡಿ. ಗೋಣಿಚೀಲದಲ್ಲಿ ತುಂಬಿ ತಂದ ಪುಸ್ತಕ ಅಲ್ಲಿಯೂ ಮೂಲೆ ಸೇರುತ್ತದೆ. ಪಟ್ಟಿ ಹಿಡಿದು ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಕೇಳಿ, ಸಂಘದ ಗ್ರಂಥಾಲಯವನ್ನು ಕೇಳಿ, ಊರಿನ ಶಾಲೆಯನ್ನು ಕೇಳಿ. ಯಾರಿಗೆ ಯಾವುದು ಬೇಕೋ ಅದನ್ನು ಅವರಿಗೆ ಕೊಡಿ.

ಕ್ಯಾಸೆಟ್‌ಗಳಿಗೆ ಆತುರ ಬೇಕು. ಮುಂಬೈಯ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ರೆಕಾರ್ಡ್ ಮಾಡಿದ ತಾಳಮದ್ದಳೆ, ಅಜ್ಜಿಯ ಹಸೆ ಹಾಡು, ಭಜನೆ, ಇವುಗಳಿಗೆ ಇನ್ನೊಂದು ಪ್ರತಿ ಇರುವುದಿಲ್ಲ. ನಡೆಯುವ ಪ್ಲೇಯರ್ ಹುಡುಕಿ, ಅದರ ಔಟ್‌ಪುಟ್‌ನಿಂದ ಒಂದು ವಯರ್ ಕಂಪ್ಯೂಟರಿಗೆ ಹಾಕಿ ರೆಕಾರ್ಡ್ ಮಾಡಿ. ಫೈಲಿನ ಹೆಸರಿನಲ್ಲೇ ಯಾರು, ಎಲ್ಲಿ, ಯಾವ ವರ್ಷ ಬರೆಯಿರಿ. ಬದುಕಿರುವ ಹಿರಿಯರಾದರೆ ಇನ್ನೂ ಸುಲಭ. ಫೋನನ್ನು ಮೇಜಿನ ಮೇಲಿಟ್ಟು, ‘ನೀವು ಮುಂಬೈಗೆ ಮೊದಲ ಸಲ ಬಂದದ್ದು ಹೇಗೆ?’ ಅಂತ ಕೇಳಿ. ಆಮೇಲೆ ನೀವು ಮಾತಾಡಬೇಕಾಗಿಯೇ ಇಲ್ಲ.

ಒಂದು ಎಚ್ಚರಿಕೆ. ಮುದ್ರಿತ ಪುಸ್ತಕವನ್ನು ಸ್ಕ್ಯಾನ್ ಮಾಡಿ ಸುಮ್ನೆ ಇಂಟರ್ನೆಟ್‌ಗೆ ಹಾಕುವಂತಿಲ್ಲ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವರ ವಾರಸುದಾರರಿಗೆ ಇರುತ್ತದೆ.

ಹೆಜ್ಜೆ 7: ಸಮಯ

ರತನ್ ಟಾಟಾ ಹೋದಾಗ ಜನ ಅವರ ದಾನಗಳ ಬಗ್ಗೆ ಮಾತಾಡಿದರು. ಆ ಮನೆತನದ ಹಳೆಯ ಕಥೆಯೊಂದನ್ನು ಇಲ್ಲಿ ಹೇಳಬೇಕು. 1931ರಲ್ಲಿ ಮೆಹರ್‌ಬಾಯಿ ಟಾಟಾ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಗಂಡ ದೊರಾಬ್ಜಿ ಟಾಟಾ ಆಕೆಯ ನೆನಪಿಗೆ ಟ್ರಸ್ಟ್ ಮಾಡಿ, ಮರುವರ್ಷ ತಾವೂ ಹೋದರು. ಪರೇಲಿನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್, ದೊರಾಬ್ಜಿ ಹೆಸರಿನ ಟ್ರಸ್ಟಿನಿಂದ ಶುರುವಾದದ್ದು 1941ರಲ್ಲಿ. ದೊರಾಬ್ಜಿ ಅದರ ಬಾಗಿಲನ್ನೂ ನೋಡಲಿಲ್ಲ.

ಆ ಆಸ್ಪತ್ರೆಗೆ ಕರ್ನಾಟಕದಿಂದಲೂ ಜನ ಬರುತ್ತಾರೆ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ, ಹುಬ್ಬಳ್ಳಿಯಿಂದ ಶರಾವತಿಯಲ್ಲಿ ದಾದರಿಗೆ. ಕೈಯಲ್ಲಿ ಫೈಲು, ಹಿಂದಿ ಅರ್ಧಂಬರ್ಧ, ಮರಾಠಿ ಬರುವುದೇ ಇಲ್ಲ. ಮುಂಬೈಯಲ್ಲಿ ಮೂವತ್ತು ವರ್ಷ ಕಳೆದ ನಿಮಗೆ ಈ ಊರಿನ ಎಲ್ಲ ಗೊತ್ತು. ಯಾವ ಗೇಟು, ಯಾವ ಬಸ್ಸು, ಫಾರಂನಲ್ಲಿ ಏನು ಬರೆಯಬೇಕು, ಕಡಿಮೆ ಬಾಡಿಗೆಯ ಧರ್ಮಶಾಲೆ ಎಲ್ಲಿ. ಕೋಟಿ ಇಲ್ಲದವರ ಹತ್ತಿರವೂ ಇರುವ ಆಸ್ತಿ ಇದು. ಸಂಘದಲ್ಲಿ ನಾಲ್ಕೈದು ಜನ ಸೇರಿ ವಾರದ ಒಂದೊಂದು ದಿನ ಹಂಚಿಕೊಳ್ಳಿ. ಒಂದೇ ಮೊಬೈಲ್ ನಂಬರ್ ಇರಲಿ, ಅದು ಕೈಯಿಂದ ಕೈಗೆ ಹೋಗಲಿ. ಔಷಧಿಯ ಬಗ್ಗೆ ಸಲಹೆ ಕೊಡಬೇಡಿ, ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದರೆ ಸಾಕು. ಹಣ ಕೈಗೆ ಕೊಡಬೇಡಿ, ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಕರೆದುಕೊಂಡು ಹೋಗಿ.

ರಕ್ತದಾನವೂ ಸಮಯದ ದಾನವೇ. 18ರಿಂದ 65 ವರ್ಷದ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಪುಣ್ಯತಿಥಿಯ ದಿನ ಎಲ್ಲರೂ ಒಟ್ಟಿಗೆ ಕೊಡುವುದಕ್ಕಿಂತ ವರ್ಷಪೂರ್ತಿ ಹಂಚಿಕೊಂಡು ಕೊಟ್ಟರೆ ಬ್ಲಡ್ ಬ್ಯಾಂಕಿಗೆ ಅನುಕೂಲ. ರಕ್ತ ಬಹಳ ದಿನ ಇಡಲಾಗುವುದಿಲ್ಲ ಅಲ್ವಾ.

ಗಿಡ ನೆಡುವವರಿಗೆ ಒಂದೇ ಮಾತು. ತಿಮ್ಮಕ್ಕ ಹುಲಿಕಲ್–ಕುದೂರು ದಾರಿಯಲ್ಲಿ 385 ಆಲದ ಮರ ಬೆಳೆಸಿದ್ದು ನೆಟ್ಟಿದ್ದರಿಂದ ಅಲ್ಲ, ಬೇಸಿಗೆಯಲ್ಲಿ ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತಿದ್ದರಿಂದ. ನೀರು ಹಾಕುವವರು ಯಾರು ಅಂತ ಗೊತ್ತಾದ ಮೇಲೆ ಗುಂಡಿ ತೋಡಿ.

ಹೆಜ್ಜೆ 8: ಕಾಗದಪತ್ರ

ಗಿರೀಶ್ ಕಾರ್ನಾಡರು 2019ರ ಜೂನ್ 10ರಂದು ಹೋದಾಗ ಸರ್ಕಾರಿ ಗೌರವ ಇರಲಿಲ್ಲ, ಮೆರವಣಿಗೆ ಇರಲಿಲ್ಲ. ಅದು ಅವರದ್ದೇ ಇಚ್ಛೆಯಾಗಿತ್ತು. ಮನೆಯವರು ಅದನ್ನು ನಡೆಸಿಕೊಟ್ಟರು. ಅಷ್ಟು ದೊಡ್ಡ ಹೆಸರಿನವರ ವಿಷಯದಲ್ಲಿ ಒತ್ತಡ ಹೇಗಿರುತ್ತದೆ ಊಹಿಸಿ. ಸ್ಪಷ್ಟವಾಗಿ ಹೇಳಿಟ್ಟಿದ್ದರಿಂದ ಆಯಿತು.

ನೀವು ಎರಡು ಬೇರೆ ಬೇರೆ ಕಾಗದ ಮಾಡಿ. ಮೊದಲನೆಯದು ಒಂದು ಪುಟದ್ದು: ಕಣ್ಣು, ಅಂಗಾಂಗ, ದೇಹ, ಸಂಸ್ಕಾರ ಹೇಗೆ, ಯಾರಿಗೆ ಫೋನ್ ಮಾಡಬೇಕು. ಇದು ಎಲ್ಲರ ಕೈಗೆ ಸಿಗುವಲ್ಲಿರಲಿ. ಇದನ್ನು ವಿಲ್‌ನಲ್ಲಿ ಬರೆದರೆ ಉಪಯೋಗವಿಲ್ಲ. ವಿಲ್ ತೆರೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಎರಡನೆಯದು ವಿಲ್. ಸಾದಾ ಕಾಗದದಲ್ಲಿ, ಕೈಬರಹದಲ್ಲಿ, ಕನ್ನಡದಲ್ಲೂ ಬರೆಯಬಹುದು. ಸ್ಟಾಂಪ್ ಪೇಪರ್ ಬೇಡ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ಸಂಸ್ಥೆಗೆ ಏನಾದರೂ ಬರೆಯುವುದಾದರೆ ‘ನಮ್ಮ ಸಂಘಕ್ಕೆ’ ಅಂತ ಬರೆಯಬೇಡಿ. ನೋಂದಣಿಯಲ್ಲಿರುವ ಪೂರ್ತಿ ಹೆಸರು, ನಂಬರ್ ಬರೆಯಿರಿ. ಫ್ಲಾಟಿಗೆ, ಬ್ಯಾಂಕಿಗೆ ನಾಮಿನಿ ಇದ್ದಾರಲ್ಲ ಅಂತ ಬಿಡಬೇಡಿ. ನಾಮಿನಿ ಅಂದರೆ ಪಡೆದು ಇಟ್ಟುಕೊಳ್ಳುವವರು, ಒಡೆಯರಲ್ಲ. ಆಸ್ತಿ ಜಾಸ್ತಿ ಇದ್ದರೆ, ಮನೆಯಲ್ಲಿ ಮನಸ್ತಾಪ ಇದ್ದರೆ ವಕೀಲರ ಹತ್ತಿರ ಹೋಗಿ.

ಫೋಟೋ, ರೆಕಾರ್ಡಿಂಗ್ ಎಲ್ಲ ಗೂಗಲ್‌ನಲ್ಲಿದ್ದರೆ ಅಲ್ಲಿನ ‘ಇನಾಕ್ಟಿವ್ ಅಕೌಂಟ್ ಮ್ಯಾನೇಜರ್’ ಅನ್ನುವ ಸೆಟ್ಟಿಂಗ್ ತೆರೆಯಿರಿ. ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಯಾರಿಗೆ ತಿಳಿಸಬೇಕು, ಯಾವುದನ್ನು ಕೊಡಬೇಕು ಅಂತ ಅಲ್ಲಿ ಹೇಳಬಹುದು. 3ರಿಂದ 18 ತಿಂಗಳವರೆಗೆ ಅವಧಿ ಇಡಬಹುದು.

ಹೆಜ್ಜೆ 9: ಒಪ್ಪಿಸಿ

ಮನೆಯವರನ್ನು ಊಟಕ್ಕೆ ಕೂರಿಸಿದಾಗ ಹೇಳಿ. ‘ಅಶುಭ ಮಾತು ಯಾಕೆ’ ಅನ್ನುತ್ತಾರೆ. ‘ಅಪ್ಪು ಮನೆಯಲ್ಲಿ ಮಾತಾಡಿಕೊಂಡಿದ್ದರಲ್ಲ’ ಅನ್ನಿ. ಬೆಂಗಳೂರಿನಲ್ಲಿರುವ ಮಗಳಿಗೆ, ದುಬೈಯಲ್ಲಿರುವ ಮಗನಿಗೆ ವಿಡಿಯೋ ಕರೆಯಲ್ಲಿ ಹೇಳಿ. ಎಲ್ಲರೂ ಕೇಳಿದ್ದರೆ, ಆ ದಿನ ‘ನನಗೆ ಹೇಳಿರಲಿಲ್ಲ’ ಅಂತ ಒಬ್ಬರು ಅಡ್ಡ ನಿಲ್ಲುವುದು ತಪ್ಪುತ್ತದೆ.

ಮನೆಯ ಹೊರಗೂ ಒಬ್ಬರು ಬೇಕು. ನಿಮಗಿಂತ ಕನಿಷ್ಠ ಹದಿನೈದು ವರ್ಷ ಚಿಕ್ಕವರಾಗಿರಲಿ, ಹತ್ತಿರದಲ್ಲೇ ಇರಲಿ. ದತ್ತಿಯ ಪತ್ರ, ಪುಸ್ತಕದ ಪಟ್ಟಿ, ಆಸ್ಪತ್ರೆ ಫೋನಿನ ಸರದಿ, ಯಾವುದಾದರೂ ಸರಿ, ಅದರ ಒಂದು ಪ್ರತಿ ಅವರಿಗೆ ಕೊಡಿ. ಸುಮ್ಮನೆ ಕಾಗದ ಕೊಟ್ಟರೆ ಆಗುವುದಿಲ್ಲ. ನೀವು ಗಟ್ಟಿಯಿರುವಾಗಲೇ ಒಂದು ವರ್ಷ ಆ ಕೆಲಸವನ್ನು ಪೂರ್ತಿ ಅವರೇ ಮಾಡಲಿ, ನೀವು ಹಿಂದೆ ನಿಂತು ನೋಡಿ. ಅವರು ನಿಮ್ಮಂತೆ ಮಾಡಲಿಕ್ಕಿಲ್ಲ. ಉಪನ್ಯಾಸದ ಬದಲು ಮಕ್ಕಳಿಗೆ ಕನ್ನಡ ಕ್ಲಾಸ್ ಇಡೋಣ ಅನ್ನಬಹುದು. ಇಡಲಿ. ಹೆಸರು ಹಾಕುವುದು ಮರೆತರೂ ಬೇಸರ ಮಾಡಿಕೊಳ್ಳಬೇಡಿ.

ವರ್ಷಕ್ಕೊಮ್ಮೆ, ನೀವು ಮೆಚ್ಚಿದವರ ಪುಣ್ಯತಿಥಿಯ ದಿನವೇ, ಎಲ್ಲವನ್ನೂ ಒಮ್ಮೆ ತೆಗೆದು ನೋಡಿ. ಐ ಬ್ಯಾಂಕಿನ ನಂಬರ್‌ಗೆ ಫೋನ್ ಹೋಗುತ್ತಿದೆಯೇ? ಸಂಘದ ಈ ವರ್ಷದ ಲೆಕ್ಕ ಬಂದಿದೆಯೇ? ವಿಲ್‌ಗೆ ಸಾಕ್ಷಿ ಹಾಕಿದವರು ಮುಂಬೈಯಲ್ಲೇ ಇದ್ದಾರೆಯೇ, ಊರಿಗೆ ಹೋಗಿ ನೆಲೆಸಿದ್ದರೆ ಅಲ್ಲಿನ ವಿಳಾಸ ಗೊತ್ತಿದೆಯೇ? ನೀವೇ ಮನೆ ಬದಲಿಸಿದ್ದರೆ, ಡೊಂಬಿವಲಿಯಿಂದ ಪುಣೆಗೋ ಊರಿಗೋ ಹೋಗಿದ್ದರೆ, ಹೊಸ ಊರಿನ ಐ ಬ್ಯಾಂಕ್ ಯಾವುದು ಅಂತ ಮೊದಲ ವಾರದಲ್ಲೇ ಹುಡುಕಿ, ಗ್ಯಾಸ್ ಕನೆಕ್ಷನ್ ಬದಲಿಸುವ ಕೆಲಸದ ಪಟ್ಟಿಯಲ್ಲೇ ಇದನ್ನೂ ಸೇರಿಸಿಕೊಳ್ಳಿ.